ಚೇಣಿ ಹಿಡಿಯುವುದೋ, ಎಡೆಸಸಿ ನೆಡುವುದೋ: ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್ 26 ವಿಮರ್ಶೆ

ಬ್ಯಾಟು ಬೀಸುವ ಆಸೆಗೆ ಈ ಕಂಪ್ಯೂಟರ್ ಗೇಮ್ ಕೊಳ್ಳಬೇಡಿ. ಇದರಲ್ಲಿ ಇರುವುದು ಆಟಗಾರರ ಪಟ್ಟಿ, ಒಪ್ಪಂದ, ಸ್ಕೌಟ್ (ಪ್ರತಿಭೆ ಹುಡುಕುವವರ) ವರದಿ ಮತ್ತು ಮಾಲೀಕ ಕೊಟ್ಟ ಬಜೆಟ್. ನೀವು ಕೂರುವುದು ತಂಡದ ಜನರಲ್ ಮ್ಯಾನೇಜರ್ ಕುರ್ಚಿಯಲ್ಲಿ. ಪಂದ್ಯದೊಳಗೆ ಕೂತು ಪಿಚರ್ (ಚೆಂಡು ಎಸೆಯುವವನು) ಬದಲಿಸಬೇಕೆಂದರೆ ಅದಕ್ಕೂ ದಾರಿಯಿದೆ, ಬೇಡವೆಂದರೆ ಕಂಪ್ಯೂಟರ್ ತಾನೇ ಪಂದ್ಯಗಳನ್ನು ಮುಗಿಸುತ್ತದೆ. ಗೇಮಿನ ಜೀವ ಇರುವುದು ಪಂದ್ಯಗಳೇ ಇಲ್ಲದ ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲದಲ್ಲಿ. ತಂಡ ಕಟ್ಟುವ ಆ ಕಾಲವನ್ನು ಇಷ್ಟು ಆಳವಾಗಿ ಕಲಿಸುವ ಇನ್ನೊಂದು ಗೇಮ್ ಇಲ್ಲ ಎಂಬುದು ನನ್ನ ತೀರ್ಮಾನ. ಆದರೆ ಸೆಟ್ಟಿಂಗ್ ಸರಿಮಾಡಿಕೊಳ್ಳದೆ ಆಡಿದರೆ ತಪ್ಪು ಪಾಠವನ್ನೂ ಅಷ್ಟೇ ಆಳವಾಗಿ ಕಲಿಸಿಬಿಡುತ್ತದೆ.

ಇದು ಕೇಳುವ ಮುಖ್ಯ ಪ್ರಶ್ನೆ ಮಲೆನಾಡಿನವರಿಗೆ ಹೊಸದಲ್ಲ. ಈ ವರ್ಷವೇ ಫಸಲು ಬೇಕೆಂದು ಬೇರೆಯವರ ಅಡಿಕೆ ತೋಟದ ಫಸಲನ್ನು ಮರದಲ್ಲಿರುವಾಗಲೇ ಕೊಂಡು ಚೇಣಿ ಹಿಡಿಯುವುದೋ, ನಮ್ಮ ತೋಟದ ಮುದಿ ಮರಗಳ ನಡುವೆ ಎಡೆಸಸಿ ಹಾಕಿ ಐದಾರು ವರ್ಷ ಕಾಯುವುದೋ? ಫ್ರೀ ಏಜೆಂಟ್, ಅಂದರೆ ಯಾವ ತಂಡಕ್ಕಾದರೂ ಸೇರಬಲ್ಲ ಆಟಗಾರ, ಚೇಣಿ ಇದ್ದಂತೆ: ಫಲ ಕಣ್ಣಿಗೆ ಕಾಣುತ್ತದೆ, ಬೆಲೆ ಜಾಸ್ತಿ. ಪ್ರಾಸ್ಪೆಕ್ಟ್, ಅಂದರೆ ಇನ್ನೂ ಬೆಳೆಯುತ್ತಿರುವ ಎಳೆಯ ಆಟಗಾರ, ಎಡೆಸಸಿ ಇದ್ದಂತೆ: ಖರ್ಚು ಕಡಿಮೆ, ಎಷ್ಟು ಬದುಕುತ್ತವೋ ಮೊದಲೇ ತಿಳಿಯದು. ಒಂದೇ ವ್ಯತ್ಯಾಸವೆಂದರೆ, ಬೇಸ್‌ಬಾಲಿನ ಚೇಣಿ ಒಂದು ಫಸಲಿಗೆ ನಿಲ್ಲುವುದಿಲ್ಲ. ಏಳು ವರ್ಷ, ಹತ್ತು ವರ್ಷ ಹೋಗುತ್ತದೆ, ಮತ್ತು ಕೊಳೆರೋಗ ಬಂದರೂ ಪೂರ್ತಿ ಹಣ ಕೊಡಲೇಬೇಕು. ಬಾಲ್ಟಿಮೋರ್ ಓರಿಯೋಲ್ಸ್ 2016ರ ಜನವರಿಯಲ್ಲಿ ಕ್ರಿಸ್ ಡೇವಿಸ್ ಜೊತೆ 7 ವರ್ಷಕ್ಕೆ 16.1 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2018ರಲ್ಲಿ ಅವರ ಬ್ಯಾಟಿಂಗ್ ಸರಾಸರಿ .168ಕ್ಕೆ, ಅಂದರೆ ನೂರು ಸಲಕ್ಕೆ ಹದಿನೇಳು ಹಿಟ್ ಕೂಡ ಇಲ್ಲದಷ್ಟಕ್ಕೆ ಇಳಿಯಿತು. ಹಣದಲ್ಲಿ ಒಂದು ಕಾಸೂ ಇಳಿಯಲಿಲ್ಲ.

ಐಪಿಎಲ್ ಹರಾಜು ನೋಡಿ ಅಭ್ಯಾಸವಾದವರು ಮೊದಲು ಇಲ್ಲಿನ ನಿಯಮ ತಲೆಗೆ ಹಾಕಿಕೊಳ್ಳಬೇಕು. ಇಲ್ಲಿ ಸುತ್ತಿಗೆ ಬಡಿಯುವವರಿಲ್ಲ. ಮೇಜರ್ ಲೀಗ್‌ನಲ್ಲಿ (ಅಮೆರಿಕದ ಅತಿ ಮೇಲಿನ ಬೇಸ್‌ಬಾಲ್ ಲೀಗಿನಲ್ಲಿ) 6 ವರ್ಷ ಸೇವೆ ಮುಗಿಸಿದ ಮೇಲಷ್ಟೇ ಆಟಗಾರ ಫ್ರೀ ಏಜೆಂಟ್ ಆಗುತ್ತಾನೆ. ಮೊದಲ ಮೂರು ವರ್ಷ ಸುಮಾರಾಗಿ ಕನಿಷ್ಠ ಸಂಬಳ (2026ಕ್ಕೆ 7 ಲಕ್ಷ 80 ಸಾವಿರ ಡಾಲರ್), ಮುಂದಿನ ಮೂರು ವರ್ಷ ಆರ್ಬಿಟ್ರೇಷನ್‌ನಲ್ಲಿ (ಮಧ್ಯಸ್ಥಿಕೆಯಲ್ಲಿ) ಏರುತ್ತಾ ಹೋಗುವ ಸಂಬಳ. 172 ದಿನ ಪಟ್ಟಿಯಲ್ಲಿದ್ದರೆ ಒಂದು ವರ್ಷದ ಸೇವೆ. ಶಿಕಾಗೋ ಕಬ್ಸ್ ತಂಡ 2015ರಲ್ಲಿ ಕ್ರಿಸ್ ಬ್ರಯಂಟ್‌ರನ್ನು ಏಪ್ರಿಲ್ ಮಧ್ಯದಲ್ಲಿ ಕೆಳಗಿನ ಮೈನರ್ ಲೀಗಿನಿಂದ ಮೇಲಕ್ಕೆ ಕರೆದದ್ದರಿಂದ ಅವರ ಲೆಕ್ಕ 171 ದಿನಕ್ಕೆ ನಿಂತಿತು. ಆ ಒಂದು ದಿನದಿಂದ ತಂಡಕ್ಕೆ ಇಡೀ ಒಂದು ವರ್ಷ ಹೆಚ್ಚು ಸಿಕ್ಕಿತು. ಇದನ್ನು ತಡೆಯಲೆಂದೇ 2022ರಿಂದ ಹೊಸ ನಿಯಮ ಬಂದಿದೆ: ಮುಂಚೂಣಿಯ ಪ್ರಾಸ್ಪೆಕ್ಟನ್ನು ಮೊದಲ ದಿನದಿಂದಲೇ ಆಡಿಸಿ, ಆತ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದರೆ ತಂಡಕ್ಕೆ ಹೆಚ್ಚುವರಿ ಡ್ರಾಫ್ಟ್ ಅವಕಾಶ, ಅಂದರೆ ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಅವಕಾಶ. ಗೇಮಿನಲ್ಲಿ ಪ್ರತಿ ಆಟಗಾರನ ಸೇವೆಯ ವರ್ಷ ಮತ್ತು ದಿನ ಪರದೆ ಮೇಲೇ ಕಾಣುತ್ತದೆ. ಅದನ್ನು ನೋಡದೆ ಮಾರ್ಚ್‌ನಲ್ಲಿ ಹುಡುಗನನ್ನು ಮೇಲೆ ಕರೆಯಬೇಡಿ.

ಈಗ ಸೆಟ್ಟಿಂಗ್. ಲೀಗ್ ಶುರು ಮಾಡುವಾಗ ಟ್ರೇಡಿಂಗ್ ಡಿಫಿಕಲ್ಟಿಯನ್ನು (ತಂಡಗಳ ನಡುವೆ ಆಟಗಾರರ ವಿನಿಮಯ ಎಷ್ಟು ಕಷ್ಟವೆಂಬುದನ್ನು) ವೆರಿ ಹಾರ್ಡ್‌ಗೆ ಏರಿಸಿ. ಅದರ ಪಕ್ಕದಲ್ಲೇ ಹಿರಿಯರಿಗೆ ಒಲವೋ, ಪ್ರಾಸ್ಪೆಕ್ಟ್‌ಗಳಿಗೆ ಒಲವೋ ಎಂದು ಕೇಳುವ ಆಯ್ಕೆಯಿದೆ, ಅದನ್ನು ನ್ಯೂಟ್ರಲ್‌ನಲ್ಲಿ ಇಡಿ. ಇದು ತಪ್ಪಿದರೆ ಗೇಮಿನ ಸಮತೋಲವೇ ಕೆಡುತ್ತದೆ. ಪ್ರಾಸ್ಪೆಕ್ಟ್‌ಗಳತ್ತ ವಾಲಿಸಿದರೆ ಎದುರಿನ ತಂಡಗಳು ಎಳೆಯ ಹೆಸರುಗಳಿಗಾಗಿ ತಮ್ಮ ಒಳ್ಳೆಯ ಪಿಚರ್‌ಗಳನ್ನು ಬಿಟ್ಟುಕೊಡುತ್ತವೆ, ಹಿರಿಯರತ್ತ ವಾಲಿಸಿದರೆ ಮೂವತ್ತೈದರ ಬ್ಯಾಟರ್ ಕೊಟ್ಟು ಸಸಿಮಡಿಯನ್ನೇ ಎತ್ತಿಕೊಂಡು ಬರಬಹುದು. ಟ್ಯಾಲೆಂಟ್ ಚೇಂಜ್ ರ‍್ಯಾಂಡಮ್‌ನೆಸ್ (ಪ್ರತಿಭೆ ಏರಿಳಿಯುವ ಅನಿಶ್ಚಿತತೆ) 100ರಲ್ಲೇ ಇರಲಿ. ಕಡಿಮೆ ಮಾಡಿದರೆ ಸ್ಕೌಟ್ ಹೇಳಿದ್ದೆಲ್ಲ ನಿಜವಾಗಿ, ಎಡೆಸಸಿಯ ಅಪಾಯವೇ ಮಾಯವಾಗುತ್ತದೆ. ಸ್ಕೌಟಿಂಗ್ ಚಾಲೂ ಇರಲಿ, ನಿಖರತೆ ನಾರ್ಮಲ್ ಸಾಕು. ನಕ್ಷತ್ರಗಳ ರೇಟಿಂಗ್ ನೆಚ್ಚಬೇಡಿ, ಅವು ಲೀಗಿನ ಉಳಿದವರಿಗೆ ಹೋಲಿಸಿ ಕೊಟ್ಟವು. 20ರಿಂದ 80ರ ಅಳತೆ ಹಾಕಿಕೊಳ್ಳಿ, ನಿಜವಾದ ಸ್ಕೌಟ್‌ಗಳು ಬಳಸುವುದೂ ಅದನ್ನೇ. ಅದರಲ್ಲಿ 50 ಎಂದರೆ ಮೇಜರ್ ಲೀಗಿನ ಸಾಧಾರಣ ಆಟಗಾರ. ಚಾಲೆಂಜ್ ಮೋಡ್ ಹಾಕಿದರೆ ಸೋತಾಗ ಹಿಂದಿನಿಂದ ಅಂಕಿ ತಿದ್ದುವ ದಾರಿ ಮುಚ್ಚುತ್ತದೆ.

ಚೇಣಿದಾರ ಮರದ ಕೆಳಗೆ ನಿಂತು ಗೊನೆ ಎಣಿಸಿ ತೂಕ ಅಂದಾಜು ಮಾಡುತ್ತಾನಲ್ಲ, ಗೇಮಿನಲ್ಲಿ ಆ ಕೆಲಸ ನಿಮ್ಮ ಸ್ಕೌಟಿಂಗ್ ಡೈರೆಕ್ಟರ್‌ದು. ಅವನೊಬ್ಬನ ಮಾತು ಸಾಲದು. ಗೇಮಿನಲ್ಲೇ ಇರುವ ಲೀಗ್ ಮಟ್ಟದ ಇನ್ನೊಂದು ಸ್ಕೌಟ್ ಸಂಸ್ಥೆಯ ಅಂದಾಜನ್ನೂ ಪ್ರತಿ ಆಟಗಾರನ ಪುಟದಲ್ಲಿ ಬದಲಾಯಿಸಿ ನೋಡಬಹುದು. ಇಬ್ಬರ ಅಂದಾಜಿನ ನಡುವೆ 10 ಅಂಕಕ್ಕಿಂತ ಹೆಚ್ಚು ಅಂತರವಿದ್ದರೆ ಆ ಹುಡುಗನ ಮೇಲೆ ದೊಡ್ಡ ನಿರ್ಧಾರ ಕಟ್ಟಬೇಡಿ. ಬ್ಯಾಟರ್ ಆದರೆ ಪವರ್ ನೋಡುವ ಮೊದಲು ಸ್ಟ್ರೈಕ್‌ಔಟ್ ತಪ್ಪಿಸುವ ಗುಣ ಮತ್ತು ಐ, ಅಂದರೆ ಚೆಂಡು ಆರಿಸುವ ಕಣ್ಣು, ಎಷ್ಟಿದೆ ನೋಡಿ. ಪಿಚರ್ ಆದರೆ ಎಸೆತದ ಬಗೆಗಳನ್ನು ಎಣಿಸಿ. ಮೂರು ಒಳ್ಳೆಯ ಎಸೆತ ಮತ್ತು ತಕ್ಕ ಸ್ಟ್ಯಾಮಿನಾ ಇಲ್ಲದವನು ಎಷ್ಟೇ ವೇಗವಾಗಿ ಎಸೆದರೂ ಕೊನೆಗೆ ಪಂದ್ಯದ ನಡುವೆ ಬದಲಿಯಾಗಿ ಬರುವ ಪಿಚರ್‌ಗಳ ಗುಂಪಾದ ಬುಲ್‌ಪೆನ್‌ಗೆ ಹೋಗುತ್ತಾನೆ, ಬೆಲೆ ಅರ್ಧವಾಗುತ್ತದೆ. ವರ್ಕ್ ಎಥಿಕ್ ಮತ್ತು ಇಂಜುರಿ ಸಾಲುಗಳನ್ನು ಕೊನೆಯಲ್ಲಾದರೂ ಓದಿ. ಫ್ರಜೈಲ್ ಎಂದು ಬರೆದಿದ್ದರೆ ಅವನಿಗೆ ಮೂರು ವರ್ಷಕ್ಕಿಂತ ಉದ್ದದ ಒಪ್ಪಂದ ಬೇಡವೇ ಬೇಡ.

ಅಮೆರಿಕದ ಆಟಗಾರರ ಹೆಸರು ಶಿವಮೊಗ್ಗದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಈ ಗೇಮಿನ ಮಟ್ಟಿಗೆ ಅದು ಅನುಕೂಲವೇ. ಹೆಸರಿನ ಹೊಳಪಿಗೆ ಹಣ ಸುರಿಯುವ ಚಪಲ ಇರುವುದಿಲ್ಲ, ಅಂಕಿಯಷ್ಟೇ ಕಾಣುತ್ತದೆ.

ಇನ್ನು ತೂಗುವ ಬಗೆ. ಬದಲಿ ಆಟಗಾರನಿಗಿಂತ ಒಬ್ಬ ಎಷ್ಟು ಗೆಲುವು ಹೆಚ್ಚು ತರುತ್ತಾನೆ ಎಂಬುದು ವಾರ್ ಅಂಕಿ, ಗೇಮ್ ಅದನ್ನು ತೋರಿಸುತ್ತದೆ. ಒಂದು ಉದಾಹರಣೆ ಹಾಕೋಣ. 32 ವರ್ಷದ ಥರ್ಡ್ ಬೇಸ್‌ಮನ್ 4 ವರ್ಷಕ್ಕೆ 8 ಕೋಟಿ ಡಾಲರ್ ಕೇಳುತ್ತಾನೆ. ಈಗ 3 ವಾರ್ ತರುತ್ತಾನೆ, ಮೂವತ್ತರ ನಂತರದ ಇಳಿತ ವರ್ಷಕ್ಕೆ ಅರ್ಧ ಎಂದು ಹಿಡಿದರೆ 3, 2.5, 2, 1.5, ಒಟ್ಟು 9. ಮೇಜರ್ ಲೀಗಿಗಿಂತ ಒಂದೇ ಮೆಟ್ಟಿಲು ಕೆಳಗಿನ ನಿಮ್ಮದೇ ಟ್ರಿಪಲ್ ಎ ತಂಡದಲ್ಲಿ 23 ವರ್ಷದವನೊಬ್ಬನಿದ್ದಾನೆ. ಅವನು ಪೂರ್ತಿ ಬೆಳೆದರೆ ವರ್ಷಕ್ಕೆ 3, ಅರ್ಧ ಬೆಳೆದರೆ 1, ಕೆಟ್ಟರೆ ಸೊನ್ನೆ. ಮೂರಕ್ಕೂ ಸಮ ಸಾಧ್ಯತೆ ಎಂದರೆ ನಾಲ್ಕು ವರ್ಷಕ್ಕೆ ಸುಮಾರು 5.3. ಅವನ ಖರ್ಚು ಮೂರು ವರ್ಷದ ಕನಿಷ್ಠ ಸಂಬಳ 23.4 ಲಕ್ಷ, ನಾಲ್ಕನೇ ವರ್ಷ ಆರ್ಬಿಟ್ರೇಷನ್‌ಗೆ 50 ಲಕ್ಷ ಇಟ್ಟುಕೊಳ್ಳಿ, ಒಟ್ಟು 73.4 ಲಕ್ಷ ಡಾಲರ್. ಅಂದರೆ ಫ್ರೀ ಏಜೆಂಟ್ ತರುವ ಹೆಚ್ಚುವರಿ 3.7 ಗೆಲುವಿಗೆ ನೀವು ತೆರುತ್ತಿರುವುದು 7 ಕೋಟಿ 26.6 ಲಕ್ಷ, ಒಂದು ಗೆಲುವಿಗೆ ಹತ್ತಿರ ಹತ್ತಿರ 2 ಕೋಟಿ. ಅದೇ ಥರ್ಡ್ ಬೇಸ್‌ಮನ್‌ನ ಬೆಲೆಯನ್ನು ಅವನ 9 ಗೆಲುವಿಗೆ ಹಂಚಿದರೆ ಬರುವುದು ಸುಮಾರು 89 ಲಕ್ಷ. ಹಾಗಾಗಿ ಹುಡುಗನಿರುವ ಜಾಗಕ್ಕೆ ಚೇಣಿ ಹಿಡಿಯಬೇಡಿ, ಹುಡುಗನೇ ಇಲ್ಲದ ಜಾಗಕ್ಕೆ ಹಿಡಿಯಿರಿ. ತಂಡ ಈಗಾಗಲೇ 85 ಗೆಲುವಿನ ಆಸುಪಾಸಿನಲ್ಲಿದ್ದರೆ ಮಾತ್ರ ಲೆಕ್ಕ ಬೇರೆ. ಅಲ್ಲಿಂದ ಮುಂದಿನ ಒಂದೊಂದು ಗೆಲುವೂ ಪ್ಲೇಆಫ್ ಬಾಗಿಲು ತೆರೆಯುತ್ತದೆ, ಆಗ ದುಬಾರಿ ಗೆಲುವೂ ಸರಿಯಾದ ಬೆಲೆಯದೇ. 70 ಗೆಲುವಿನ ತಂಡಕ್ಕೆ ಅದೇ ಆಟಗಾರನನ್ನು ತಂದರೆ 73 ಗೆದ್ದು ಮನೆಗೆ ಹೋಗುತ್ತೀರಿ.

ಪಿಚರ್‌ಗಳಿಗೆ ಈ ಲೆಕ್ಕವನ್ನು ಇನ್ನೂ ಬಿಗಿ ಮಾಡಬೇಕು. ಮೊಣಕೈ ಲಿಗಮೆಂಟ್ ಹರಿದು ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾದರೆ 12ರಿಂದ 18 ತಿಂಗಳು ಹೋಯಿತು. ಎಳೆಯ ಪಿಚರ್‌ನ ಅಂದಾಜನ್ನು ಅರ್ಧ ಮಾಡಿ ಬರೆದುಕೊಳ್ಳುವುದು ಒಳ್ಳೆಯದು, ಮತ್ತು ಒಂದು ಜಾಗಕ್ಕೆ ಮೂವರನ್ನು ಬೆಳೆಸಬೇಕು.

ಹಾಗೆಂದು ಪ್ರಾಸ್ಪೆಕ್ಟ್‌ಗಳನ್ನೆಲ್ಲ ಎದೆಗವಚಿಕೊಂಡು ಕೂರುವುದೂ ತಪ್ಪೇ. ಗೇಮಿನಲ್ಲಿ ಹೊಸಬರು ಹೆಚ್ಚು ಎಡವುವುದು ಇಲ್ಲೇ. ಫಿಲಡೆಲ್ಫಿಯಾ 2018ರಲ್ಲಿ ಸ್ಕಾಟ್ ಕಿಂಗರಿಗೆ ಒಂದೂ ಮೇಜರ್ ಲೀಗ್ ಪಂದ್ಯ ಆಡುವ ಮೊದಲೇ 6 ವರ್ಷಕ್ಕೆ 2.4 ಕೋಟಿ ಡಾಲರ್ ಬರೆದುಕೊಟ್ಟಿತು, ಬ್ಯಾಟು ಏಳಲಿಲ್ಲ. ಮಿಲ್ವಾಕಿ 2023ರ ಡಿಸೆಂಬರ್‌ನಲ್ಲಿ ಜಾಕ್ಸನ್ ಚೌರಿಯೋಗೆ ಹಾಗೆಯೇ 8 ವರ್ಷಕ್ಕೆ 8.2 ಕೋಟಿ ಕೊಟ್ಟಿತು, ಅದು ಫಲಿಸಿತು. ಇನ್ನೊಂದು ಕಡೆ 2018ರಲ್ಲಿ ಪಿಟ್ಸ್‌ಬರ್ಗ್ ತಂಡ ಕ್ರಿಸ್ ಆರ್ಚರ್ ಎಂಬ ಒಬ್ಬ ಪಿಚರ್‌ಗಾಗಿ ಟೈಲರ್ ಗ್ಲಾಸ್ನೋ, ಆಸ್ಟಿನ್ ಮೆಡೋಸ್, ಶೇನ್ ಬಾಜ್ ಮೂವರನ್ನೂ ಟ್ಯಾಂಪಾ ಬೇಗೆ ಕೊಟ್ಟು ಬಹಳ ಕಾಲ ಕೈ ಹಿಸುಕಿಕೊಂಡಿತು. ಆದ್ದರಿಂದ ಯಾರನ್ನು ಮಾರಬೇಕು ಎಂಬುದಕ್ಕೊಂದು ಕ್ರಮ ಬೇಕು: ಒಂದೇ ಸ್ಥಾನಕ್ಕೆ ಇಬ್ಬರಿದ್ದರೆ ವಯಸ್ಸಿನಲ್ಲಿ ದೊಡ್ಡವನನ್ನು, ರೇಟಿಂಗ್ ತುದಿಯಲ್ಲಿರುವಾಗಲೇ ಮಾರಿ. ಶಾರ್ಟ್‌ಸ್ಟಾಪ್, ಕ್ಯಾಚರ್, ಸೆಂಟರ್‌ಫೀಲ್ಡ್ ಆಡಬಲ್ಲವರನ್ನು ಕೊನೆಯವರೆಗೂ ಇಟ್ಟುಕೊಳ್ಳಿ, ಏಕೆಂದರೆ ಬ್ಯಾಟು ಸೋತರೂ ಅವರ ಕೈ ದುಡಿಯುತ್ತದೆ. ಫಸ್ಟ್ ಬೇಸ್ ಮಾತ್ರ ಗೊತ್ತಿರುವವನಿಗೆ ಬ್ಯಾಟು ಬಿಟ್ಟರೆ ಬೇರೆ ಆಸರೆಯಿಲ್ಲ.

ಚಳಿಗಾಲದಲ್ಲಿ ಕೆಲಸದ ಅನುಕ್ರಮ ಮುಖ್ಯ. ನವೆಂಬರ್‌ನಲ್ಲಿ ಮೊದಲು ನಿಮ್ಮಿಂದ ಹೊರಡುವ ಒಳ್ಳೆಯ ಆಟಗಾರನಿಗೆ ಕ್ವಾಲಿಫೈಯಿಂಗ್ ಆಫರ್ (ಒಂದು ವರ್ಷಕ್ಕೆ ನಿಗದಿತ ಮೊತ್ತದ ಒಪ್ಪಂದದ ಆಹ್ವಾನ) ಕೊಡಬೇಕೋ ನೋಡಿ. ನಿಜವಾದ ಲೀಗಿನಲ್ಲಿ 2025ರ ಚಳಿಗಾಲಕ್ಕೆ ಅದು 2 ಕೋಟಿ 20 ಲಕ್ಷ 25 ಸಾವಿರ ಡಾಲರ್ ಇತ್ತು. ಅವನು ಒಪ್ಪದೆ ಬೇರೆ ಕಡೆ ಹೋದರೆ ನಿಮಗೆ ಡ್ರಾಫ್ಟ್ ಅವಕಾಶ ಸಿಗುತ್ತದೆ, ಒಪ್ಪಿಬಿಟ್ಟರೆ ಅಷ್ಟೂ ಹಣ ನಿಮ್ಮ ತಲೆಗೆ. ಆಮೇಲೆ ಆರ್ಬಿಟ್ರೇಷನ್ ಪಟ್ಟಿ. ಸಂಬಳ ಕೆಲಸಕ್ಕಿಂತ ಹೆಚ್ಚಾದವರನ್ನು ಆಗಲೇ ಬಿಡಿ. ಮೂರನೆಯದು 40 ಜನರ ಪಟ್ಟಿ. ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ಗೆ ಮೊದಲು ಈ ಪಟ್ಟಿಗೆ ಸೇರಿಸಿ ರಕ್ಷಿಸದ ಪ್ರಾಸ್ಪೆಕ್ಟನ್ನು ಬೇರೆ ತಂಡ 1 ಲಕ್ಷ ಡಾಲರ್‌ಗೆ ಎತ್ತಿಕೊಂಡು ಹೋಗಬಹುದು. ಎತ್ತಿದವರು ಅವನನ್ನು ವರ್ಷಪೂರ್ತಿ ಮೇಜರ್ ಲೀಗ್ ತಂಡದ 26 ಜನರಲ್ಲಿ ಇಟ್ಟುಕೊಳ್ಳಬೇಕು, ಇಲ್ಲವಾದರೆ 50 ಸಾವಿರಕ್ಕೆ ವಾಪಸ್ ಕೊಡಬೇಕಾಗುತ್ತದೆ. ನವೆಂಬರ್‌ನಲ್ಲೇ ಫ್ರೀ ಏಜೆಂಟ್‌ಗಳಿಂದ 40 ಜಾಗ ತುಂಬಿಸಿಕೊಂಡವರು ಈ ಹಂತದಲ್ಲಿ ಸಸಿ ಕಳೆದುಕೊಳ್ಳುತ್ತಾರೆ. ಮೂರು ಜಾಗವನ್ನಾದರೂ ಖಾಲಿ ಇಟ್ಟುಕೊಂಡು ಡಿಸೆಂಬರ್‌ಗೆ ಹೋಗಿ.

ಫ್ರೀ ಏಜೆಂಟ್‌ಗಳಲ್ಲಿ ಮೊದಲ ಸಾಲಿನ ಇಬ್ಬರು ಮೂವರು ಬೇಕೇಬೇಕೆಂದರೆ ಡಿಸೆಂಬರ್‌ನಲ್ಲೇ ಹಣ ಬಿಚ್ಚಬೇಕು. ಎರಡನೇ ಸಾಲಿನವರಿಗೆ ಆತುರ ಬೇಡ. ಕೆಲಸ ಸಿಗದವರ ಬೇಡಿಕೆ ಜನವರಿಯಿಂದ ಇಳಿಯುತ್ತಾ ಬರುತ್ತದೆ, ಫೆಬ್ರವರಿಯಲ್ಲಿ ಬುಲ್‌ಪೆನ್ ಪಿಚರ್‌ಗಳು ಒಂದು ವರ್ಷದ ಒಪ್ಪಂದಕ್ಕೆ ಸಿಗುತ್ತಾರೆ. ಒಪ್ಪಂದದ ಪುಟದಲ್ಲಿ ಪ್ರತಿ ವರ್ಷದ ಮೊತ್ತವನ್ನು ಬೇರೆ ಬೇರೆ ತುಂಬಬಹುದು. ಈ ವರ್ಷ ಬಜೆಟ್ ಮಿಕ್ಕಿದ್ದರೆ ಮುಂದಿನ ಭಾರವನ್ನು ಈಗಲೇ ತೀರಿಸಿ, ಕೊನೆಯ ವರ್ಷ ಹಗುರ ಇಡಿ. ನಿಜವಾದ ಲೀಗಿನಲ್ಲಿ ಇದರಿಂದ ಲಕ್ಷುರಿ ತೆರಿಗೆ (ಒಟ್ಟು ಸಂಬಳ ಗೆರೆ ದಾಟಿದ ತಂಡಕ್ಕೆ ಬೀಳುವ ತೆರಿಗೆ) ಕಡಿಮೆಯಾಗದು, ಅಲ್ಲಿ ಲೆಕ್ಕ ಹಿಡಿಯುವುದು ಒಪ್ಪಂದದ ವಾರ್ಷಿಕ ಸರಾಸರಿಯನ್ನು. 2026ಕ್ಕೆ ಆ ಗೆರೆ 24.4 ಕೋಟಿ ಡಾಲರ್‌ನಲ್ಲಿದೆ.

ಹಣ ಸಾಲದಾದಾಗ ಡೆವಲಪ್‌ಮೆಂಟ್ ಬಜೆಟ್ ಕತ್ತರಿಸಿ ಒಬ್ಬ ಬ್ಯಾಟರ್ ತರುವ ಆಸೆ ಎಲ್ಲರಿಗೂ ಬರುತ್ತದೆ. ಅದು ಗೊಬ್ಬರದ ದುಡ್ಡು. ಅದರ ಪೆಟ್ಟು ಆ ವರ್ಷ ಕಾಣುವುದೇ ಇಲ್ಲ, ಮೂರನೇ ವರ್ಷ ಎರಡು ಮೆಟ್ಟಿಲು ಕೆಳಗಿನ ಡಬಲ್ ಎ ತಂಡದಲ್ಲಿ ಮೇಲೆ ತರಲು ಒಬ್ಬನೂ ಇಲ್ಲದಾಗ ಕಾಣುತ್ತದೆ.

ಗೇಮಿನ ಕೊರತೆಗಳೂ ಸಣ್ಣವಲ್ಲ. ವೆರಿ ಹಾರ್ಡ್‌ನಲ್ಲೂ ಎದುರಾಳಿ ತಂಡಗಳು ಮೂವರು ಸಾಧಾರಣರನ್ನು ಪಡೆದು ಒಬ್ಬ ಉತ್ತಮನನ್ನು ಬಿಟ್ಟುಕೊಡುವುದುಂಟು. ಒಬ್ಬನಿಗೆ ಇಬ್ಬರಿಗಿಂತ ಹೆಚ್ಚು ಕೊಡುವುದಿಲ್ಲ ಎಂದು ನೀವೇ ಕಟ್ಟುಪಾಡು ಹಾಕಿಕೊಂಡರೆ ಆಟ ಉಳಿಯುತ್ತದೆ. ಪರದೆಯಲ್ಲಿ ಕನ್ನಡವಿಲ್ಲ, ಮೊದಲ ವಾರ ಇಂಗ್ಲಿಷ್ ಸಂಕ್ಷೇಪಗಳ ಕಾಡಿನಲ್ಲೇ ಕಳೆಯುತ್ತದೆ. ಪರ್ಫೆಕ್ಟ್ ಟೀಮ್ ಎಂಬ ಕಾರ್ಡ್ ಆಟಕ್ಕೆ ನೆಟ್ ಬೇಕೇಬೇಕು, ತಂಡ ಕಟ್ಟುವ ಪಾಠಕ್ಕೂ ಅದಕ್ಕೂ ಸಂಬಂಧವಿಲ್ಲ, ಬಿಟ್ಟುಬಿಡಿ. ಒಬ್ಬರೇ ಆಡುವ ಲೀಗನ್ನು ಇಳಿಸಿಕೊಂಡ ಮೇಲೆ ನೆಟ್ ಇಲ್ಲದೆಯೂ ಆಡಬಹುದು. ಹೊಸನಗರ, ತೀರ್ಥಹಳ್ಳಿ ಕಡೆ ಸಿಗ್ನಲ್‌ಗಾಗಿ ಗುಡ್ಡ ಹತ್ತುವವರಿಗೆ ಇದು ದೊಡ್ಡ ಗುಣ.

ಹಳೇ ಲ್ಯಾಪ್‌ಟಾಪ್‌ನಲ್ಲಿ ಮೈನರ್ ಲೀಗ್‌ಗಳೆಲ್ಲ ಸೇರಿ ಒಂದು ಸೀಸನ್ ಓಡಿಸುವುದು ನಿಧಾನ. ಬೇರೆ ದೇಶಗಳ ಲೀಗ್‌ಗಳನ್ನು ಶುರುವಿನಲ್ಲೇ ತೆಗೆದುಹಾಕಿ, ಹಳೆಯ ಬಾಕ್ಸ್ ಸ್ಕೋರ್‌ಗಳನ್ನು (ಪಂದ್ಯಗಳ ಅಂಕಪಟ್ಟಿ) ಅಳಿಸಿಹಾಕುವ ಆಯ್ಕೆ ಆರಿಸಿ. ಮೈನರ್ ಲೀಗ್ ಮಾತ್ರ ತೆಗೆಯಬೇಡಿ, ಸಸಿಮಡಿ ಇಲ್ಲದೆ ಈ ಗೇಮಿನಲ್ಲಿ ಏನೂ ಇಲ್ಲ. ಆಟೋಸೇವ್ ಅನ್ನು ವಾರಕ್ಕೊಮ್ಮೆಗೆ ಇಡಿ. ಮಳೆಗಾಲದಲ್ಲಿ, ಅದರಲ್ಲೂ ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ, ಸೇವ್ ಆಗುವ ಹೊತ್ತಿಗೇ ಕರೆಂಟು ಹೋಗಿ ಕಡತ ಕೆಡಬಹುದು. ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಗೇಮಿನ ಹೆಸರಿನಲ್ಲಿರುವ ಸೇವ್ಡ್ ಗೇಮ್ಸ್‌ಗೆ ಹೋದರೆ ನಿಮ್ಮ ಲೀಗಿನ ಫೋಲ್ಡರ್ ಡಾಟ್ ಎಲ್‌ಜಿ ಎಂಬ ಬಾಲದೊಂದಿಗೆ ಸಿಗುತ್ತದೆ. ಫ್ರೀ ಏಜೆನ್ಸಿ ತೆರೆಯುವ ಹಿಂದಿನ ದಿನ ಗೇಮ್ ಮುಚ್ಚಿ, ಆ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ.