ಮಡಿಕೇರಿ ಹತ್ತಿರದ ಒಂದು ಹೋಂಸ್ಟೇಯ ‘ಹುಲ್ಲುಗಾವಲು ನಡಿಗೆ’: ಐದಕ್ಕೆ ನಾಲ್ಕು

ದೊಡ್ಡ ಹೂವಿನ ಫೋಟೊ ಬೇಕು ಅನ್ನುವವರು ಇದಕ್ಕೆ ದುಡ್ಡು ಹಾಕಬೇಡಿ. 2021ರಲ್ಲಿ ಮಾಂದಲಪಟ್ಟಿ ಗುಡ್ಡದಲ್ಲಿ ಕುರಿಂಜಿ ಅರಳಿತ್ತಲ್ಲ, ಅದನ್ನೇ ನೆನೆಸಿಕೊಂಡು ಬಂದವರೊಬ್ಬರು ನಮ್ಮ ಗುಂಪಿನಲ್ಲಿದ್ದರು, ದಾರಿಯುದ್ದಕ್ಕೂ ಮುಖ ಸಪ್ಪೆ. ಇಲ್ಲಿ ನೋಡುವುದು ಉಗುರಿಗಿಂತ ಚಿಕ್ಕ ಹೂ, ಅದೂ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು.

ನನಗಂತೂ ತುಂಬಾ ಹಿಡಿಸಿತು. ಕಾರಣ, ಕರೆದುಕೊಂಡು ಹೋಗುವ ಅಣ್ಣ. ಸುಮ್ನೆ ಗಿಡಗಳ ಹೆಸರು ಒಪ್ಪಿಸುವವರಲ್ಲ. "ಮೊದಲು ನೀರು ಎಲ್ಲಿಂದ ಬರ್ತದೆ, ಎಲ್ಲಿ ನಿಲ್ತದೆ ನೋಡಿ, ಗಿಡ ಆಮೇಲೆ" ಅನ್ನುತ್ತಾರೆ.

ಹಾಗೆ ನೋಡುತ್ತಾ ಇಳಿದರೆ ಒಂದೇ ಗುಡ್ಡದಲ್ಲಿ ಮೂರು ಬೇರೆ ಲೋಕ. ನೆತ್ತಿಯಲ್ಲಿ ಗಾಳಿ ಜಾಸ್ತಿ, ಮಣ್ಣು ತೆಳು, ಬಿದ್ದ ಮಳೆ ನಿಲ್ಲದೆ ಹರಿದುಹೋಗುತ್ತದೆ, ಹಾಗಾಗಿ ಬರೀ ಹುಲ್ಲು. (1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತಿದವರಿಗೆ ಗೊತ್ತು, ಮರಗಳೆಲ್ಲ ಕಣಿವೆಯೊಳಗೆ, ಮೇಲೆ ಬೋಳು.) ಸ್ವಲ್ಪ ಕೆಳಗೆ ಮಳೆಗಾಲವಿಡೀ ನೀರು ಜಿನುಗುವ ಜಾಗ ಬರುತ್ತದೆ. ಅಸಲಿ ಮಜಾ ಇಲ್ಲೇ. ಎಲೆಯ ಕೂದಲ ತುದಿಯಲ್ಲಿ ಅಂಟಿನ ಹನಿ ಹೊತ್ತ ಡ್ರೊಸೆರಾ, ಅದರ ಪಕ್ಕದಲ್ಲೇ ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ, ಬಿಳಿ ಗುಂಡಿಯಂಥ ತಲೆಯ ಎರಿಯೊಕಾಲನ್, ನಡುನಡುವೆ ಸಣ್ಣ ಹುಲ್ಲು, ಜೇಕು. ಕೊಡಗಿನ ಮಳೆ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುತ್ತದೆ, ಸಾರಜನಕ ಸಾಲದು, ಅದಕ್ಕೇ ಮೊದಲಿನ ಎರಡು ಹುಳ ಹಿಡಿದು ತಿನ್ನುತ್ತವೆ. ಡ್ರೊಸೆರಾ ಅಂಟಿಗೆ ಸಿಕ್ಕಿಸುತ್ತದೆ. ಯುಟ್ರಿಕ್ಯುಲೇರಿಯಾ ಒದ್ದೆ ಮಣ್ಣಿನೊಳಗಿನ ಪುಟ್ಟ ಚೀಲಗಳಲ್ಲಿ ಎಳೆದುಕೊಳ್ಳುತ್ತದೆ.

ಬಡ ಮಣ್ಣಲ್ಲಿ ಇಷ್ಟೊಂದು ಬಗೆ ಯಾಕೆ ಅಂತ ಕೇಳಿದೆ. ಅಣ್ಣ ಬಾಯಲ್ಲಿ ಹೇಳದೆ, ಕೆಳಗಿನ ಪಾಳು ಗದ್ದೆಗೆ ಕರೆದುಕೊಂಡು ಹೋದರು. ಹಿಂದೆ ಗೊಬ್ಬರ ಉಂಡ ಗದ್ದೆ ಅದು, ಮೇಲಿನ ಮೆಕ್ಕಲೂ ಬಂದು ಸೇರುತ್ತದೆ, ಈಗ ಸೊಂಟದೆತ್ತರದ ಹುಲ್ಲೊಂದೇ ಬೆಳೆದು ಬಿಸಿಲನ್ನೆಲ್ಲ ನುಂಗಿಬಿಟ್ಟಿದೆ, ಬುಡದಲ್ಲಿ ಇನ್ನೇನೂ ಇಲ್ಲ. ಅದೇ ಗದ್ದೆಯ ಆಚೆ ತುದಿಯಲ್ಲಿ ದನ ಮೇಯುತ್ತವೆ, ಹುಲ್ಲು ಗಿಡ್ಡವಾಗಿದೆ, ಅಲ್ಲಿ ಮತ್ತೆ ಸಣ್ಣ ಗಿಡಗಳು ಕಾಣುತ್ತವೆ. ಇನ್ನೂ ತಗ್ಗಿನಲ್ಲಿ ನೀರು ನಿಂತೇ ಇರುವ ಕಡೆ ಬರೀ ಜೇಕು. ಮಣ್ಣಿನ ಸಂದಿಗೆಲ್ಲ ನೀರು ತುಂಬಿ ಬೇರಿಗೆ ಗಾಳಿ ಸಿಗುವುದಿಲ್ಲ. ಭತ್ತದ ಹಾಗೆ ಒಳಗೊಳಗೇ ಬೇರಿನವರೆಗೆ ಗಾಳಿ ಇಳಿಸುವ ಗಿಡವೇ ಅಲ್ಲಿ ಬದುಕಬೇಕು. ಜಾಸ್ತಿ ನೀರು, ಜಾಸ್ತಿ ಗೊಬ್ಬರ, ಎರಡೂ ಕಡೆ ಬಗೆ ಕಮ್ಮಿ. ಇದನ್ನು ಕಾಲಲ್ಲಿ ನಡೆದೇ ನೋಡಬೇಕು, ಪಾಠದಲ್ಲಿ ಓದಿದರೆ ತಲೆಗೆ ಹೋಗುವುದಿಲ್ಲ.

ಒಂದು ಸ್ಟಾರ್ ಕಿತ್ತುಕೊಂಡಿದ್ದು ಜೀಪಿಗೆ. ಇಷ್ಟೆಲ್ಲ ಹೇಳುವವರ ಡ್ರೈವರ್ ಗಾಡಿ ತಿರುಗಿಸುವುದು ಜಿನುಗು ಜಾಗದ ಅಂಚಿನಲ್ಲೇ! ಚಕ್ರದ ಗುಂಡಿಯಲ್ಲಿ ನೀರು ನಿಂತಿದೆ, ಕೆಳಗಿನ ಪಟ್ಟಿ ಆಗಲೇ ಒಣಗುತ್ತಿದೆ. ಅಣ್ಣನಿಗೆ ಹೇಳಿದೆ, ಅವರೂ ಓನರ್‌ಗೆ ಹೇಳಿ ಸಾಕಾಗಿದ್ದಾರಂತೆ. ಗುಂಪೂ ದೊಡ್ಡದು, ಹಿಂದೆ ಇರುವವರಿಗೆ ಅರ್ಧ ಮಾತು ಕೇಳಿಸುವುದಿಲ್ಲ, ಮುಂದಿನವರು ತುಳಿದ ಮೇಲೆ ನೋಡುವುದಕ್ಕೇನು ಉಳಿಯುತ್ತದೆ?

ಊಟ ಚೆನ್ನಾಗಿದೆ, ಕಡಂಬಿಟ್ಟು ಬಿಸಿಬಿಸಿ. ಗಮ್‌ಬೂಟ್ ಅವರೇ ಕೊಡುತ್ತಾರೆ, ಜಿಗಣೆಗೆ ಉಪ್ಪು ನೀವೇ ತನ್ನಿ.

ಕೈಲ್ ಪೊಳ್ದ್ (ಸೆಪ್ಟೆಂಬರ್ ಶುರುವಿನಲ್ಲಿ ಬರುವ ಕೊಡವರ ಹಬ್ಬ) ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಹೋಗಿ. ಏಪ್ರಿಲ್‌ಗೂ ಬುಕಿಂಗ್ ತೆಗೆದುಕೊಳ್ಳುತ್ತಾರೆ, ಅದು ಸರಿಯಲ್ಲ ಅಲ್ವಾ? ಈ ಸಣ್ಣ ಗಿಡಗಳಲ್ಲಿ ಎಷ್ಟೋ ಒಂದೇ ಮಳೆಗಾಲ ಬಾಳಿ ಬೀಜ ಉದುರಿಸಿ ಹೋಗುವಂಥವು. ಆಗ ಅದೇ ದುಡ್ಡಿಗೆ ಒಣ ಹುಲ್ಲು ನೋಡಿ ವಾಪಸ್ ಬರಬೇಕಾಗುತ್ತದೆ.