ಸ್ಟೀಮ್ ರೇಡಿಯೇಟರ್‌ಗೆ ಗಾರ್ಟನ್ ಏರ್ ವಾಲ್ವ್, ಹಳೇ ಮನೆ ಇರೋರು ಓದಿ

ನ್ಯೂಜೆರ್ಸಿ ಕಡೆ ಹಳೇ ಮನೆ ತಗೊಂಡಿರೋ ನಮ್ಮವ್ರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ನಮ್ಮನೇದು ಒಂದೇ ಪೈಪಿನ ಸ್ಟೀಮ್ ಹೀಟಿಂಗ್, ಅಂದ್ರೆ ಬಾಯ್ಲರಿಂದ ರೂಮಲ್ಲಿರೋ ರೇಡಿಯೇಟರ್‌ಗೆ ಹಬೆ ಮೇಲೆ ಹೋಗೋದೂ ನೀರಾಗಿ ವಾಪಸ್ ಇಳಿಯೋದೂ ಅದೇ ಪೈಪಲ್ಲೇ. ಹಾಲಲ್ಲಿ ಕೂರಕ್ಕಾಗದಷ್ಟು ಸೆಕೆ, ಹಿಂದಿನ ರೂಮಲ್ಲಿ ನಮ್ಮತ್ತೆ ಸ್ವೆಟರ್ ಮೇಲೆ ಶಾಲು ಹೊದ್ಕೊಂಡು ಕೂರೋರು. ಬಂದ ಪ್ಲಂಬರ್ ನೆಲದ ಹತ್ರ ಇರೋ ದೊಡ್ಡ ವಾಲ್ವ್‌ಗಳನ್ನೆಲ್ಲ ಬದಲಾಯಿಸ್ಬೇಕು ಅಂದ್ರು, ಆದ್ರೆ ಮೊದ್ಲು ನೋಡ್ಬೇಕಾಗಿರೋದು ಇನ್ನೊಂದು ತುದೀಲಿ ಇರೋ ಪುಟಾಣಿ ಏರ್ ವಾಲ್ವು. ಒಳಗಿನ ಗಾಳಿ ಅದ್ರಿಂದ ಆಚೆ ಹೋದ್ರೇನೇ ಹಬೆ ರೇಡಿಯೇಟರ್ ತುಂಬೋದು, ಹಬೆ ತಾಗಿದ ತಕ್ಷಣ ಅದು ತಾನೇ ಮುಚ್ಕೋಬೇಕು. ಹಿಂದಿನ ರೂಮಿಂದು ಪೇಂಟ್ ಮೇಲೆ ಪೇಂಟ್ ಬಳಿದು ತೂತೇ ಕಟ್ಕೊಂಡಿತ್ತು, ಹಾಲಿಂದು ಮುಚ್ಕೊಳ್ದೆ ಸುಸ್ ಅಂತ ಹಬೆ ಬಿಟ್ಟು ಬಿಟ್ಟು ಗೋಡೆ ಸುಣ್ಣ ಉಬ್ಬೋಗಿತ್ತು.

ಗಾರ್ಟನ್ ಕಂಪನಿ ಏರ್ ವಾಲ್ವ್ ಯಾಕೆ ಇಷ್ಟ ಆಯ್ತು ಅಂದ್ರೆ ಅದ್ರಲ್ಲಿ 4, 5, 6, ಸಿ, ಡಿ ಅಂತ ಸೈಜ್ ಇವೆ, 4 ತುಂಬಾ ನಿಧಾನಕ್ಕೆ ಗಾಳಿ ಬಿಡುತ್ತೆ, ಡಿ ಎಲ್ಲಕ್ಕಿಂತ ಬೇಗ. ಥರ್ಮೋಸ್ಟಾಟ್ ಇರೋ ಹಾಲಿಗೆ 4 ಹಾಕಿ, ದೂರದ ತಣ್ಣನೆ ರೂಮಿಗೆ ಸಿ ಹಾಕಿದ್ವಿ, ಈಗ ಎರಡೂ ಕಡೆ ಹೆಚ್ಚುಕಮ್ಮಿ ಒಟ್ಟಿಗೇ ಬೆಚ್ಚಗಾಗುತ್ತೆ, ಅತ್ತೆ ಶಾಲು ಬೀರು ಸೇರಿದೆ. ಬೇಗ ಬಿಸಿಯಾಗ್ಲಿ ಅಂತ ಎಲ್ಲಾದಕ್ಕೂ ಡಿ ಹಾಕ್ಬೇಡಿ, ಹಬೆ ಜೋರಾಗಿ ನುಗ್ಗಿ ವಾಪಸ್ ಬರೋ ನೀರನ್ನ ತಡೆಯುತ್ತೆ, ವಾಲ್ವ್ ನೀರು ಉಗುಳುತ್ತೆ. ಗಾಳಿ ಬಿಡೋ ವೇಗ ತಿರುಗಿಸಿ ಅಡ್ಜಸ್ಟ್ ಮಾಡೋ ವಾಲ್ವ್ ಬೇಕಂದ್ರೆ ಹಾಫ್‌ಮನ್ 1ಎ, ವೆಂಟ್-ರೈಟ್ ನಂಬರ್ 1 ಸಿಗುತ್ತೆ, ನಂಗೆ ಫಿಕ್ಸೆಡ್ಡೇ ವಾಸಿ ಅನ್ಸುತ್ತೆ, ಮಕ್ಳಿರೋ ಮನೇಲಂತೂ.

ಹಾಕೋದು ಕಷ್ಟ ಇಲ್ಲ. ಬಾಯ್ಲರ್ ಆಫ್ ಮಾಡಿ ರೇಡಿಯೇಟರ್ ಪೂರ್ತಿ ತಣ್ಣಗಾಗ್ಲಿ, ಸಾಮಾನ್ಯವಾಗಿ 1/8 ಇಂಚ್ ಥ್ರೆಡ್ ಇರುತ್ತೆ, ಟೆಫ್ಲಾನ್ ಟೇಪ್ ಸುತ್ತಿ ನೆಟ್ಟಗೆ ನಿಲ್ಲೋ ಹಾಗೆ ಬಿಗಿ ಮಾಡಿ.

ದೊಡ್ಡ ವಾಲ್ವ್ ಹಿಡಿ ಹತ್ರ ಮಾತ್ರ ಸೋರ್ತಿದ್ರೆ ಪ್ಯಾಕಿಂಗ್ (ಹಿಡಿ ಕಡ್ಡಿ ಸುತ್ತ ಸೋರದ ಹಾಗೆ ತುಂಬಿರೋದು) ಬದಲಾಯಿಸಿದ್ರೂ ಸಾಕಾಗ್ಬಹುದು. ವಾಲ್ವೇ ಬದಲಾಯಿಸಿದ್ರೆ ರೇಡಿಯೇಟರ್ ಒಳಗೆ ಕೂತಿರೋ ಹಳೇ ಯೂನಿಯನ್ (ವಾಲ್ವನ್ನ ರೇಡಿಯೇಟರ್‌ಗೆ ಜೋಡಿಸೋ ಪೈಪ್) ತುಂಡನ್ನೂ ತೆಗೀಬೇಕಾಗುತ್ತೆ, ಹೊಸದ್ರ ನಟ್ ಹಳೇದಕ್ಕೆ ಸರಿಯಾಗಿ ಕೂರಲ್ಲ, ತುಕ್ಕು ಹಿಡಿದಿದ್ರೆ ಅದು ದೊಡ್ಡ ಕೆಲ್ಸ. ಆಮೇಲೆ ಆ ದೊಡ್ಡ ವಾಲ್ವನ್ನ ಪೂರ್ತಿ ಓಪನ್ ಇಡಿ ಇಲ್ಲಾ ಪೂರ್ತಿ ಮುಚ್ಚಿ, ಅರ್ಧ ಓಪನ್ ಇಟ್ರೆ ನೀರು ಒಳಗೇ ನಿಂತು ರಾತ್ರಿಯೆಲ್ಲ ಢಣ್ ಢಣ್ ಅಂತ ಪೈಪ್ ಬಡ್ಕೊಳ್ಳುತ್ತೆ. ಆರ್ಡರ್ ಮಾಡೋ ಮುಂಚೆ ಬೇಸ್‌ಮೆಂಟಲ್ಲಿ ಮೇನ್ ಪೈಪಿನ ಕೊನೇಲಿರೋ ಗಾಳಿ ಬಿಡೋ ವೆಂಟೂ ಒಮ್ಮೆ ನೋಡಿ, ಅದು ಕಟ್ಕೊಂಡಿದ್ರೆ ಮೇನ್‌ನಲ್ಲಿರೋ ಗಾಳಿಯೆಲ್ಲ ಈ ಪುಟ್ಟ ವಾಲ್ವ್‌ಗಳಿಂದ್ಲೇ ಹೋಗ್ಬೇಕು, ಅದಕ್ಕೆ ಗಾರ್ಟನ್ ನಂಬರ್ 1, 2 ಅಂತ ದೊಡ್ಡವು ಬೇರೆ ಬರುತ್ತೆ.