ಸ್ಟಾರ್ ಸ್ಪೋರ್ಟ್ಸ್, ಸ್ಪೋರ್ಟ್ಸ್18: ಎರಡೂ ನೋಡಿದ ಮನೆಯಿಂದ

ನಮ್ಮಪ್ಪನಿಗೆ ಕ್ರಿಕೆಟ್ ಅಂದ್ರೆ ರಿಮೋಟಿನ ಮೂರು ಗುಂಡಿ. ಒತ್ತಿದರೆ ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ ಬರಬೇಕು, ಕಾಮೆಂಟರಿಯಲ್ಲಿ ವಿಜಯ್ ಭಾರದ್ವಾಜ್ ಮಾತಾಡುತ್ತಿರಬೇಕು. ಆ ಚಾನೆಲ್ ಶುರುವಾಗಿದ್ದು 2018ರ ಕೊನೆಯಲ್ಲಿ. ಅಪ್ಪನನ್ನು ಕೇಳಿದರೆ ದೂರದರ್ಶನದ ಕಾಲದಿಂದಲೂ ಇದೆ ಅನ್ನುತ್ತಾರೆ. ಹಾಗಾಗಿ 2022ರ ಏಪ್ರಿಲ್‌ನಲ್ಲಿ ವಯಾಕಾಮ್18ನವರು ಸ್ಪೋರ್ಟ್ಸ್18 ತಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದರಲ್ಲಿ ಏನಪ್ಪಾ ಬರುತ್ತೆ?"

ಸ್ಪೇನ್‌ನ ಫುಟ್‌ಬಾಲ್, ಅಮೆರಿಕದ ಬಾಸ್ಕೆಟ್‌ಬಾಲ್ ಅಂದೆ. ಅವರು ಪೇಪರ್ ತೆಗೆದುಕೊಂಡರು.

ಎರಡೇ ತಿಂಗಳಲ್ಲಿ ಆಟ ಬದಲಾಯಿತು. ಆ ಜೂನ್‌ನ ಐಪಿಎಲ್ ಹರಾಜಿನಲ್ಲಿ ಐದು ವರ್ಷದ ಟಿವಿ ಹಕ್ಕನ್ನು 23,575 ಕೋಟಿ ಕೊಟ್ಟು ಸ್ಟಾರ್ ಉಳಿಸಿಕೊಂಡಿತು. ಡಿಜಿಟಲ್ ಹಕ್ಕಿಗೆ ವಯಾಕಾಮ್18 20,500 ಕೋಟಿ ಸುರಿಯಿತು. ಅಂದರೆ ಒಂದೇ ಪಂದ್ಯ, ಟಿವಿಯಲ್ಲಿ ಒಬ್ಬರದು, ಫೋನಿನಲ್ಲಿ ಇನ್ನೊಬ್ಬರದು. ಪಕ್ಕಪಕ್ಕ ಇಟ್ಟು ನೋಡೋಕೆ ಇದಕ್ಕಿಂತ ಒಳ್ಳೆ ಅವಕಾಶ ಬೇಕಾ? 2023ರ ಇಡೀ ಸೀಸನ್ ಹಾಲ್‌ನಲ್ಲಿ ಅಪ್ಪ ಸ್ಟಾರ್ ಹಾಕಿದರು, ನಾನು ಫೋನಿನಲ್ಲಿ ವಯಾಕಾಮ್18ನವರ ಆ್ಯಪ್ ಜಿಯೋ ಸಿನಿಮಾ ಹಾಕಿದೆ.

ಮೊದಲು ಫೋನಿನ ಗೆಲುವು ಹೇಳಿಬಿಡುತ್ತೇನೆ. ಪೂರ್ತಿ ಫ್ರೀ. ಹನ್ನೆರಡು ಭಾಷೆ. ಕನ್ನಡ ಸಾಕಾದರೆ ಭೋಜ್‌ಪುರಿ ಕಾಮೆಂಟರಿ ಹಾಕಿ ನಗಬಹುದಿತ್ತು, ಅರ್ಥವಾಗದಿದ್ದರೂ. ಕ್ಯಾಮೆರಾ ಬದಲಿಸಬಹುದಿತ್ತು. ಬಸ್ಸಿನಲ್ಲಿ, ಮದುವೆ ಊಟದ ಸಾಲಿನಲ್ಲಿ, ಎಲ್ಲಿ ಬೇಕಾದರೂ ಪಂದ್ಯ. ಕತಾರ್ ವಿಶ್ವಕಪ್ ಫುಟ್‌ಬಾಲ್ ಶುರುವಾದ ದಿನ ಇದೇ ಆ್ಯಪ್ ತತ್ತರಿಸಿ ಎಲ್ಲರಿಂದ ಬೈಸಿಕೊಂಡಿತ್ತು. ಅಲ್ಲಿಂದ ಐದು ತಿಂಗಳಿಗೆ ಇಲ್ಲಿಗೆ ಬಂದಿದ್ದರು ಅನ್ನೋದು ಸಣ್ಣ ಮಾತಲ್ಲ.

ಈಗ ಟಿವಿಯ ಗೆಲುವು. ಅದಕ್ಕೆ ಒಂದೇ ರಾತ್ರಿಯ ಕಥೆ ಸಾಕು. ಚೆನ್ನೈ, ಗುಜರಾತ್ ಫೈನಲ್. ಮಳೆ ಬಂದು ಒಂದು ದಿನ ಮುಂದೆ ಹೋಗಿ, ಮರುದಿನವೂ ಮಳೆ ಬಂದು, ಕೊನೆಗೆ 15 ಓವರ್‌ಗೆ 171 ಗುರಿ. ಮಧ್ಯರಾತ್ರಿ ದಾಟಿತ್ತು. ನಾನು ರೂಮಿನಲ್ಲಿ ಹೊದ್ದುಕೊಂಡು ಫೋನ್ ಹಿಡಿದಿದ್ದೆ. ಕೊನೆಯ ಎರಡು ಎಸೆತಕ್ಕೆ ಹತ್ತು ರನ್ ಬೇಕು. ನನ್ನ ಫೋನಿನಲ್ಲಿ ಮೋಹಿತ್ ಶರ್ಮಾ ಇನ್ನೂ ಓಡಿ ಬರ್ತಾ ಇದ್ದಾರೆ, ಹಾಲ್‌ನಿಂದ ಅಪ್ಪ "ಸಿಕ್ಸ್!" ಅಂದರು. ಆಮೇಲೆ ನನಗೂ ಸಿಕ್ಸ್ ಬಂತು. ಕೊನೆಯ ಎಸೆತಕ್ಕೆ ಕಿವಿ ಮುಚ್ಚಿಕೊಳ್ಳುವಷ್ಟರಲ್ಲಿ ಹೊರಗೆ ಚಪ್ಪಾಳೆ ಕೇಳಿಸಿಬಿಟ್ಟಿತು. ಜಡೇಜ ಫೋರ್ ಹೊಡೆದಾಗ ನನಗೆ ಅದು ಹಳೇ ಸುದ್ದಿ. ಇದು ಆ ಆ್ಯಪಿನ ತಪ್ಪಲ್ಲ ಬಿಡಿ. ಇಂಟರ್‌ನೆಟ್‌ನಲ್ಲಿ ಬರುವ ಲೈವ್ ಸಾಮಾನ್ಯವಾಗಿ ಟಿವಿಗಿಂತ ಕೆಲವು ಸೆಕೆಂಡ್ ಹಿಂದೆಯೇ ಇರುತ್ತೆ. ಆದರೆ ಕ್ರಿಕೆಟ್‌ನಲ್ಲಿ ಕೆಲವು ಸೆಕೆಂಡ್ ಅಂದರೆ ಒಂದು ಕಪ್.

ಇಷ್ಟರ ನಡುವೆ ಸ್ಪೋರ್ಟ್ಸ್18 ಚಾನೆಲ್ ಎಲ್ಲಿತ್ತು? ಅದೇ ನನ್ನ ತಕರಾರು. ಆ ವರ್ಷ ಭಾರತದಲ್ಲಿ ನಡೆಯುವ ಭಾರತದ ಪಂದ್ಯಗಳ ಹಕ್ಕು, ಟಿವಿ ಮತ್ತು ಡಿಜಿಟಲ್ ಎರಡೂ, 5,963 ಕೋಟಿಗೆ ವಯಾಕಾಮ್18ನವರಿಗೇ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ಬಂತು. ಆದರೆ ಕನ್ನಡ ಕಾಮೆಂಟರಿ ಹಾಕೋಕೆ ಅವರ ಹತ್ತಿರ ಕನ್ನಡದ ಸ್ಪೋರ್ಟ್ಸ್ ಚಾನೆಲ್ಲೇ ಇರಲಿಲ್ಲ. ಕಲರ್ಸ್ ಕನ್ನಡ ಸಿನಿಮಾದಲ್ಲಿ ಹಾಕಿದರು. ಅಪ್ಪ ತಮ್ಮ ಮೂರು ಗುಂಡಿ ಒತ್ತಿದರು, ಹಿಂದೆ ಮುಂದೆ ಹುಡುಕಿದರು, "ಇವತ್ತು ಮ್ಯಾಚೇ ಇಲ್ಲ ಕಣೋ" ಅಂತ ಎದ್ದುಹೋದರು. ಸಿನಿಮಾ ಚಾನೆಲ್‌ಗಳ ಸಾಲಿನಲ್ಲಿ ಕ್ರಿಕೆಟ್ ಹುಡುಕಬೇಕು ಅಂತ ಯಾರಿಗಾದರೂ ಯಾಕೆ ಹೊಳೆಯಬೇಕು? ಹಕ್ಕನ್ನು ಹರಾಜಿನಲ್ಲಿ ಕೊಳ್ಳಬಹುದು. ಅಪ್ಪನ ಬೆರಳನ್ನು ಕೊಳ್ಳೋಕಾಗಲ್ಲ.

ಹಾಗಂತ ಸ್ಟಾರ್ ಬೆಚ್ಚಗೆ ಕೂತಿರಲಿಲ್ಲ. ಹೊಸಬರು ಫ್ರೀ ಕೊಟ್ಟ ಬಿಸಿ ಎಷ್ಟು ತಟ್ಟಿತೆಂದರೆ, ಅದೇ ವರ್ಷದ ಏಷ್ಯಾ ಕಪ್ಪು, ವಿಶ್ವಕಪ್ಪು ಎರಡನ್ನೂ ತನ್ನ ಹಾಟ್‌ಸ್ಟಾರ್ ಆ್ಯಪ್‌ನಲ್ಲಿ ಮೊಬೈಲ್‌ಗೆ ಫ್ರೀ ಬಿಟ್ಟಿತು. ವಿಶ್ವಕಪ್ ಫೈನಲ್ ದಿನ ಒಂದೇ ಹೊತ್ತಿಗೆ 5.9 ಕೋಟಿ ಜನ ಅದರಲ್ಲಿದ್ದರು. ನೋಡುವವರಿಗೆ ಹಬ್ಬ ಅಂದರೆ ಆ ಒಂದು ವರ್ಷ.

ನನ್ನ ತೀರ್ಪು ಕೇಳಿದರೆ, ಮನೆಯಲ್ಲಿ ಸ್ಟಾರ್, ಹೊರಗೆ ಜಿಯೋ ಸಿನಿಮಾ. ಸ್ಪೋರ್ಟ್ಸ್18 ಚಾನೆಲನ್ನು ನಾನಾಗಿ ಹಾಕಿದ್ದು ಕಡಿಮೆ. 2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಭಾರತ 46ಕ್ಕೆ ಆಲೌಟ್ ಆಗಿದ್ದನ್ನೂ ಅದರಲ್ಲಿ ನೋಡಲಿಲ್ಲ. ಆಫೀಸಿನಲ್ಲಿ ಟೇಬಲ್ ಕೆಳಗೆ ಫೋನ್ ಇಟ್ಟುಕೊಂಡು ನೋಡಿದೆ.

ಮುಂದಿನ ತಿಂಗಳೇ ಎರಡೂ ಕಂಪನಿ ಸೇರಿ ಒಂದಾದವು. 2025ರ ಫೆಬ್ರವರಿಗೆ ಆ್ಯಪ್ ಜಿಯೋಹಾಟ್‌ಸ್ಟಾರ್ ಆಯಿತು, ಮಾರ್ಚ್‌ಗೆ ಸ್ಪೋರ್ಟ್ಸ್18 ಅನ್ನೋ ಹೆಸರೇ ಹೋಯಿತು. ಐಪಿಎಲ್ ಶುರುವಾದಾಗ ನಾನು ಮೂರು ತಿಂಗಳಿಗೆ 149 ರೂಪಾಯಿ ಕಟ್ಟುತ್ತಾ ಕೂತಿದ್ದೆ. ಅಪ್ಪ ಮೂರು ಗುಂಡಿ ಒತ್ತಿದರು. ಬಂತು.

"ನಿನ್ನ ಫೋನಲ್ಲಿ ಫ್ರೀ ಅಂತಿದ್ದೆಯಲ್ಲೋ?" ಅಂದರು.